ಹಿಡಿ ಅಂದರೆ ನಿಲ್ಲಿಸು!

ಪ್ರಶ್ನೆ: ನಮ್ಮ ಅಂಗಡಿಯ ಕಂಪ್ಯೂಟರಿಗೆ ವೈರಸ್ ಬಾರದಂತೆ 'ಅವಾಸ್ಟ್' ಹಾಕಿಸಿದ್ದೇವೆ. ಇದು ಹಡಗಿನವರ ಹಳೇ ಇಂಗ್ಲಿಷ್ ಮಾತು, 'ನಿಲ್ಲಿಸು' ಅಂತ ಅರ್ಥ ಎಂದು ಮಗಳು ಹೇಳುತ್ತಾಳೆ. ಡಿಕ್ಷನರಿ ನೋಡಿದರೆ, 'ಬಿಗಿಯಾಗಿ ಹಿಡಿ' ಎಂಬ ಡಚ್ ಮಾತಿನಿಂದ ಬಂದದ್ದು ಅಂತಿದೆ. ಹಿಡಿಯೋದಕ್ಕೂ ನಿಲ್ಲಿಸೋದಕ್ಕೂ ಏನು ಸಂಬಂಧ?
– ಓದುಗರೊಬ್ಬರು, ಹಿರಿಯೂರು

ಉತ್ತರ: ಮಗಳು ಹೇಳಿದ್ದೂ ಸರಿ, ಡಿಕ್ಷನರಿಯೂ ಸರಿ. ಡಚ್ಚಿನ 'ಹೌಡ್ ವಾಸ್ಟ್' ನಾವಿಕರ ಬಾಯಲ್ಲಿ ಸವೆದು 'ಅವಾಸ್ಟ್' ಆಯಿತು. ಇಟಾಲಿಯನ್ನಿನ 'ಬಸ್ತಾ', ಅಂದರೆ 'ಸಾಕು', ಇದರ ಮೂಲ ಅಂತ ಹಿಂದೆ ಕೆಲವರು ಹೇಳಿದ್ದುಂಟು. ನನಗೆ ಡಚ್ ಮೂಲವೇ ಸರಿ ಅನ್ನಿಸುತ್ತದೆ. ಹದಿನೇಳನೇ ಶತಮಾನದಲ್ಲಿ ಕಡಲ ವ್ಯಾಪಾರದಲ್ಲಿ ಡಚ್ಚರದೇ ಮೇಲುಗೈ. ಹಡಗಿನ 'ಡೆಕ್', ನಾವು ಕ್ರಿಕೆಟ್ಟಿನಲ್ಲಿ ಕೇಳುವ 'ಸ್ಕಿಪರ್' ಇಂಗ್ಲಿಷಿಗೆ ಬಂದದ್ದೂ ಅವರ ಕಡೆಯಿಂದಲೇ.

ಇನ್ನು ನಿಮ್ಮ ಪ್ರಶ್ನೆ. ಜಗಳೂರು ಕಡೆ ನಮ್ಮಜ್ಜಿಯ ಊರಲ್ಲಿ ಬಾವಿ ಬಹಳ ಆಳ. ನಾನೂ ಅಜ್ಜಿಯೂ ಸೇರಿ ನೀರು ಸೇದುತ್ತಿದ್ದೆವು. ತಾಮ್ರದ ಕೊಡ ಕಲ್ಲಿಗೆ ತಾಗಿದ ಸದ್ದು ಬಂದರೆ ಅಜ್ಜಿ "ತಡಿ, ತಡಿ" ಅನ್ನುತ್ತಿದ್ದಳು. ಎಳೆಯೋದು ನಿಲ್ಲಿಸಬೇಕು, ಆದರೆ ಕೈ ಸಡಿಲ ಬಿಡಬಾರದು. ಹಗ್ಗ ಅಂಗೈಯನ್ನು ಕೊರೆಯುತ್ತಿತ್ತು. ಒಮ್ಮೆ ನಾನು ಸುಮ್ನೆ ಕೈ ಬಿಟ್ಟೆ. ರಾಟೆ ಗರಗರ ತಿರುಗಿ, ಹಗ್ಗದ ಸಮೇತ ಕೊಡ ತಳ ಸೇರಿತು. ಪಾತಾಳಗರಡಿ ಕೇಳಿಕೊಂಡು ಮೂರು ಮನೆ ಅಲೆದೆ. ಅವತ್ತು ಅಜ್ಜಿ ಹೇಳಿದ್ದು ಇಷ್ಟೇ: "ತಡಿ ಅಂದ್ರೆ ಬಿಗಿ ಹಿಡಿ ಅಂತ. ಬಿಡು ಅಂತಲ್ಲ."

ಹಾಯಿ ಹಡಗಿನಲ್ಲೂ ಇದೇ ಕಥೆ. ಹತ್ತಾರು ಜನ ಸೇರಿ ಹಗ್ಗ ಜಗ್ಗುತ್ತಿರುತ್ತಾರೆ. ತುದಿಯಲ್ಲಿ ಹಾಯಿಯ ಭಾರ. ಹಾಗೆ ಜಗ್ಗುವವರಿಗೆ, ನಿಲ್ಲಿಸುವುದು ಅಂದರೆ ಇದ್ದಲ್ಲೇ ಹಿಡಿದುಕೊಳ್ಳುವುದೇ ಅಲ್ವಾ? ಬರುಬರುತ್ತಾ ಹಗ್ಗದ ಹಂಗು ಬಿಟ್ಟು, ಯಾವ ಕೆಲಸವನ್ನಾದರೂ ನಿಲ್ಲಿಸು ಎನ್ನಲು ಅದೇ ಮಾತು ಬಳಕೆಗೆ ಬಂತು. 'ಹಾಲ್ಟ್' ಕೂಡ ಹೀಗೇ. ಅದರ ಹಿಂದಿರುವ ಜರ್ಮನ್ ಕ್ರಿಯಾಪದ 'ಹಾಲ್ಟೆನ್'ಗೂ ಹಿಡಿಯುವುದು ಎಂದೇ ಅರ್ಥ.

ನಿಮ್ಮ ಕಂಪ್ಯೂಟರಿನ ಅವಾಸ್ಟ್ 1988ರಲ್ಲಿ ಆಗಿನ ಚೆಕೊಸ್ಲೊವಾಕಿಯಾದಲ್ಲಿ ಹುಟ್ಟಿದ್ದು. 'ಆಂಟಿ ವೈರಸ್ ಅಡ್ವಾನ್ಸ್ಡ್ ಸೆಟ್' ಎಂಬುದರ ಅಕ್ಷರ ಕೂಡಿಸಿ ಇಟ್ಟ ಹೆಸರು. ನಾವಿಕರ ಮಾತೂ ಅದೇ ಆಗಿದ್ದು ಕೂಡಿಬಂತು.

ಇನ್ನೊಂದು ಮಾತು. ನೀವು ಈ ಕಡೆ ಬರುವಾಗ ಚಿತ್ರದುರ್ಗ–ದಾವಣಗೆರೆ ಬಸ್ಸು ಹತ್ತಿದರೆ ಕಿವಿಗೊಟ್ಟು ಕೇಳಿ. ಭರಮಸಾಗರದಲ್ಲಿ ಇಳಿಯುವವರು ಎದ್ದು ನಿಂತರೆ ಕಂಡಕ್ಟರ್ "ಹೋಲ್ಡಾನ್" ಅಂತಾರೆ. ಅದರಲ್ಲಿರುವ 'ಹೋಲ್ಡ್' ಅಂದರೂ ಹಿಡಿ ಅಂತಲೇ. ಡ್ರೈವರ್ ಬ್ರೇಕ್ ಒತ್ತುತ್ತಾರೆ.