ಹಳೇಬೀಡಿನ ಹತ್ತಿರ ಟೆಂಟು, ಜೊತೆಗೆ ವಯಸ್ಸಾದ ನಾಯಿ

ಪ್ರಶ್ನೆ: ನಮ್ಮ ಲ್ಯಾಬ್ರಡಾರ್‌ಗೆ ಈಗ 12 ವರ್ಷ. ಹಿಂಗಾಲು ಸ್ವಲ್ಪ ಎಳೆಯುತ್ತಾನೆ, ಕಿವಿಯೂ ಮಂದ. ಆದರೂ ಕಾರಿನ ಕೀ ಕೈಗೆತ್ತಿಕೊಂಡರೆ ಸಾಕು, ಬಾಗಿಲಿಗೆ ಬಂದು ನಿಲ್ಲುತ್ತಾನೆ. ಜನವರಿಯಲ್ಲಿ ಹಳೇಬೀಡಿನ ಕೆರೆ ದಂಡೆಯಲ್ಲಿ ಟೆಂಟ್ ಹಾಕಿ ಎರಡು ರಾತ್ರಿ ಇದ್ದು, ಬೇಲೂರನ್ನೂ ನೋಡಿಕೊಂಡು ಬರೋಣ ಅಂತ ಮಕ್ಕಳ ಹಠ. ಇವನನ್ನು ಬಿಟ್ಟು ಹೋಗಲು ಯಾರಿಗೂ ಮನಸ್ಸಿಲ್ಲ. ಕರೆದುಕೊಂಡು ಹೋಗಬಹುದೇ?
– ಓದುಗರು, ಹಾಸನ

ಉತ್ತರ: ಧಾರಾಳವಾಗಿ ಹೋಗಿ. ಹಾಸನದಿಂದ ಹಳೇಬೀಡಿಗೆ ಸುಮಾರು 30 ಕಿ.ಮೀ. ಅಷ್ಟೇ, ಅರ್ಧರಾತ್ರಿ ಅವನಿಗೆ ಹುಷಾರು ತಪ್ಪಿದರೂ ಗಂಟೆಯೊಳಗೆ ಮನೆ ಸೇರಬಹುದು. ವಯಸ್ಸಾದ ನಾಯಿಯ ಮೊದಲ ಕ್ಯಾಂಪಿಂಗ್‌ಗೆ ಇದಕ್ಕಿಂತ ಒಳ್ಳೆ ದೂರ ಸಿಗುವುದಿಲ್ಲ. ಆದರೆ ಎರಡು ರಾತ್ರಿ ಬೇಡ, ಒಂದು ಸಾಕು. ಕೆರೆ ದಂಡೆಯಂತೂ ಬೇಡವೇ ಬೇಡ.

ಯಾಕೆ ಅಂದರೆ ಚಿರತೆ. ನಮ್ಮ ಜಿಲ್ಲೆಯಲ್ಲಿ ಚಿರತೆ ಇರಲು ದೊಡ್ಡ ಕಾಡೇ ಬೇಕು ಅಂತಿಲ್ಲ. ಕಲ್ಲುಗುಡ್ಡ, ಕುರುಚಲು ಗಿಡ, ಹೊಲದ ಅಂಚು, ಎಲ್ಲ ಕಡೆ ಓಡಾಡುತ್ತದೆ, ಮತ್ತು ಅದಕ್ಕೆ ಹೊರಗೆ ಕಟ್ಟಿಹಾಕಿದ ನಾಯಿಗಿಂತ ಸುಲಭದ ಊಟ ಇನ್ನೊಂದಿಲ್ಲ. ಹೊಯ್ಸಳರ ಲಾಂಛನದಲ್ಲಿ ಸಳ ಒಬ್ಬನೇ ಮೃಗದ ಮೇಲೆ ಬಿದ್ದಿದ್ದಾನೆ, ನಿಜ. ಕಾಲೆಳೆಯುವ ಲ್ಯಾಬ್ರಡಾರ್‌ನಿಂದ ಅದನ್ನೆಲ್ಲ ನಿರೀಕ್ಷಿಸಬೇಡಿ. ಹಾಗಾಗಿ ಪರಿಚಯದವರ ತೋಟದ ಮನೆ ಅಂಗಳವೋ, ನಾಯಿ ತರಬಹುದು ಅಂತ ಫೋನಿನಲ್ಲಿ ಬಾಯಿಬಿಟ್ಟು ಒಪ್ಪಿದ ಹೋಂಸ್ಟೇ ಅಂಗಳವೋ ನೋಡಿಕೊಂಡು, ಬೇಲಿ ಇದೆಯಾ, ರಾತ್ರಿ ದೀಪ ಇರುತ್ತಾ, ಆ ಮನೆಯಲ್ಲಿ ಬೇರೆ ನಾಯಿ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ. ನಾಯಿ ಮಲಗಬೇಕಾದ್ದು ಟೆಂಟಿನ ಒಳಗೆ, ನಿಮ್ಮ ಪಕ್ಕದಲ್ಲಿ.

ಕಾಫಿ ತೋಟದ ನಡುವೆ ಇನ್ನೂ ಚೆನ್ನಾಗಿರುತ್ತದೆ ಅಂತ ಯಾರಾದರೂ ಬಿಕ್ಕೋಡು, ಅರೇಹಳ್ಳಿ ಕಡೆ ಕರೆದರೆ ನಾಯಿ ಜೊತೆಗಿರುವಾಗ ಒಪ್ಪಬೇಡಿ. ಅಲ್ಲಿ ಕಾಡಾನೆಗಳ ಓಡಾಟ. ನಾಯಿ ಆನೆ ನೋಡಿ ಬೊಗಳುತ್ತದೆ, ಆನೆ ತಿರುಗಿಬಿದ್ದರೆ ಸೀದಾ ಯಜಮಾನನ ಹತ್ತಿರ ಓಡಿಬರುತ್ತದೆ, ಹಿಂದೆ ಆನೆಯೂ. ತೋಟದ ಕೆಲಸದವರನ್ನು ಕೇಳಿ ನೋಡಿ, ಇದನ್ನೇ ಹೇಳುತ್ತಾರೆ.

ಇನ್ನು ನಾಯಿಯ ವಿಷಯ. ಹೊರಡುವ ವಾರ ಮುಂಚೆ ಡಾಕ್ಟರಿಗೆ ತೋರಿಸಿ. ಹೃದಯ, ಕಿಡ್ನಿ ಹೇಗಿದೆ ನೋಡಲಿ, ರೇಬೀಸ್ ಲಸಿಕೆಯ ದಿನ ಮೀರಿದೆಯಾ ನೋಡಿಕೊಳ್ಳಿ. ಇಲಿಜ್ವರದ ಲಸಿಕೆಯನ್ನೂ ಕೇಳಿ, ನಿಂತ ನೀರಿನಿಂದ ಬರುವ ಕಾಯಿಲೆ ಅದು. ಕೀಲು ನೋವಿಗೆ ಮಾತ್ರೆ ಬೇಕಿದ್ದರೆ ಅವರೇ ಕೊಡಲಿ. ರಾತ್ರಿ ನರಳುತ್ತಾನೆ ಅಂತ ನಿಮ್ಮ ಬ್ಯಾಗಿನ ಪ್ಯಾರಾಸಿಟಮಾಲೋ ಐಬುಪ್ರೊಫೆನ್ನೋ ಕೊಟ್ಟುಬಿಡಬೇಡಿ, ನಾಯಿಗೆ ಅದು ವಿಷ. ಈರುಳ್ಳಿ, ಬೆಳ್ಳುಳ್ಳಿಯೂ ಆಗಿಬರುವುದಿಲ್ಲ, ಅಂದರೆ ನಿಮ್ಮ ಉಪ್ಪಿಟ್ಟು, ಪಲಾವ್ ಎರಡೂ ಅವನಿಗಿಲ್ಲ. ಮನೆಯಲ್ಲಿ ತಿನ್ನುವ ಊಟವನ್ನೇ ಕಟ್ಟಿಕೊಂಡು ಹೋಗಿ. ಕುಡಿಯುವ ನೀರನ್ನೂ ತಗೊಂಡು ಹೋಗಿ. ಕೆರೆಯಲ್ಲಿ ಹಸಿರು ಪಾಚಿ ಕಟ್ಟಿದ ನೀರು ನಾಯಿಯ ಪ್ರಾಣ ತೆಗೆದದ್ದೂ ಇದೆ.

ಜನವರಿಯ ರಾತ್ರಿ ಚಳಿ ಚೆನ್ನಾಗಿಯೇ ಇರುತ್ತದೆ, ಬೆಳಗಾಗುವಷ್ಟರಲ್ಲಿ ಟೆಂಟಿನ ಮೇಲೆಲ್ಲ ಇಬ್ಬನಿ. ಕೀಲು ನೋವಿರುವ ನಾಯಿಗೆ ತಣ್ಣನೆ ನೆಲಕ್ಕಿಂತ ಕೆಟ್ಟದ್ದು ಬೇರೆ ಇಲ್ಲ. ಅವನು ದಿನಾ ಮಲಗುವ ಹಾಸಿಗೆಯನ್ನೇ ಒಯ್ಯಿರಿ, ತೊಳೆಯದೆ. ತನ್ನ ವಾಸನೆ ಇದ್ದರೆ ಹೊಸ ಜಾಗದಲ್ಲೂ ಬೇಗ ಮಲಗುತ್ತಾನೆ. ವಯಸ್ಸಾದ ಕೆಲವು ನಾಯಿಗಳಿಗೆ ರಾತ್ರಿ ಗೊಂದಲ ಹತ್ತುತ್ತದೆ, ಸುಮ್ನೆ ಎದ್ದು ಸುತ್ತುತ್ತವೆ, ಎಲ್ಲೋ ಹೊರಟುಬಿಡುತ್ತವೆ, ಕಿವಿ ಕೇಳದ ನಾಯಿಯನ್ನು ಕತ್ತಲಲ್ಲಿ ಕೂಗಿ ಪ್ರಯೋಜನವೂ ಇಲ್ಲ. ಆದ್ದರಿಂದ ಟೆಂಟಿನ ಜಿಪ್ ಪೂರ್ತಿ ಹಾಕಿ. ಕುತ್ತಿಗೆ ಪಟ್ಟಿಗೆ ನಿಮ್ಮ ಫೋನ್ ನಂಬರ್ ಹಾಕಿಸಿ. ರಾತ್ರಿ ಒಂದೆರಡು ಸಲ ಉಚ್ಚೆಗೆ ಎಬ್ಬಿಸಬೇಕಾಗುತ್ತದೆ, ಆಗಲೂ ಟಾರ್ಚ್ ಹಿಡಿದು, ಬೆಲ್ಟ್ ಹಾಕಿಯೇ ಹೊರಗೆ.

ದೇವಸ್ಥಾನಕ್ಕೆ ಬರೋಣ. ಹಳೇಬೀಡಿನ ಹೊಯ್ಸಳೇಶ್ವರ, ಬೇಲೂರಿನ ಚೆನ್ನಕೇಶವ ಎರಡೂ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳು, 2023ರಿಂದ ಯುನೆಸ್ಕೋ ಪಟ್ಟಿಯಲ್ಲೂ ಇವೆ. ನಾಯಿಗೆ ಒಳಗೆ ಪ್ರವೇಶ ಇಲ್ಲ, ಕಾವಲಿನವರ ಜೊತೆ ವಾದ ಮಾಡಬೇಡಿ. ಹಾಗಂತ ಕಾರಲ್ಲಿ ಬಿಟ್ಟು, ಕಿಟಕಿ ಒಂಚೂರು ಇಳಿಸಿ ಹೋಗುವುದೂ ಬೇಡ. ಜನವರಿಯಾದರೂ ಬಿಸಿಲಲ್ಲಿ ನಿಂತ ಕಾರು ಬೇಗ ಕಾಯುತ್ತದೆ. ಹೊಯ್ಸಳೇಶ್ವರನ ಹೊರಗೋಡೆಯಲ್ಲಿ ಆನೆ, ಸಿಂಹ, ಕುದುರೆ, ರಾಮಾಯಣ, ಮಹಾಭಾರತ ಅಂತ ಸಾಲು ಸಾಲು ಕೆತ್ತನೆ ನೋಡುತ್ತಾ ಹೋದರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ ಅಲ್ವಾ? ಎರಡು ತಂಡ ಮಾಡಿಕೊಳ್ಳಿ. ಒಂದು ತಂಡ ಒಳಗೆ, ಇನ್ನೊಂದು ನಾಯಿಯ ಜೊತೆ ಮರದ ನೆರಳಲ್ಲಿ. ಬೆಳಗ್ಗೆ ಬೇಗ ಹೋದಷ್ಟೂ ಒಳ್ಳೆಯದು. ಅದು ಶಾಲಾ ಪ್ರವಾಸದ ಕಾಲ, ಬಸ್ಸುಗಳು ಬಂದು ನಿಂತರೆ ನಿಮಗೂ ಕಷ್ಟ, ಅವನಿಗೂ ಕಷ್ಟ. ಬೇಲೂರು ಅಲ್ಲಿಂದ 16 ಕಿ.ಮೀ. ಅದನ್ನು ಇನ್ನೊಂದು ಭಾನುವಾರಕ್ಕೆ ಇಟ್ಟುಕೊಳ್ಳಿ ಅಂತ ನಾನು ಹೇಳುತ್ತೇನೆ. 1117ರಲ್ಲಿ ಪ್ರತಿಷ್ಠೆಯಾದ ದೇವಸ್ಥಾನ, ಎಲ್ಲೂ ಹೋಗುವುದಿಲ್ಲ.

ಊರ ನಾಯಿಗಳು ಹೊಸ ನಾಯಿಯನ್ನು ಬಿಡುವುದಿಲ್ಲ, ಬೀದಿಯಲ್ಲಿ ಬೆಲ್ಟ್ ಬಿಡಬೇಡಿ. ನಿಂತಲ್ಲೇ ಏದುಸಿರು ಬಿಟ್ಟರೆ, ಒಸಡು ಬೆಳ್ಳಗಾದರೆ, ಎದ್ದು ನಿಲ್ಲಲು ಆಗದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ಟೆಂಟ್ ಅಲ್ಲೇ ಬಿಟ್ಟು ಕಾರು ಹತ್ತಿ. ರಾತ್ರಿ ಹೊತ್ತು ನೋಡುವ ಡಾಕ್ಟರ್ ಹಾಸನದಲ್ಲಿ ಯಾರು ಅಂತ ಹೊರಡುವ ಮುಂಚೆಯೇ ಕೇಳಿ ನಂಬರ್ ಇಟ್ಟುಕೊಳ್ಳಿ.

ಪ್ರಶ್ನೆ: ಹೊಲ, ತೋಟ ಸುತ್ತಿ ಬಂದಾಗಲೆಲ್ಲ ನಮ್ಮ ನಾಯಿಗೆ ಉಣ್ಣೆ ಹತ್ತಿರುತ್ತದೆ. ಸೀಮೆಎಣ್ಣೆ ಹಚ್ಚಿದರೆ ಬಿಡುತ್ತದೆ ಅಂತಾರೆ, ಹಚ್ಚಲೇ?
– ಓದುಗರು, ಆಲೂರು

ಉತ್ತರ: ಬೇಡ. ಚರ್ಮ ಸುಡುತ್ತದೆ, ಆಮೇಲೆ ಅದನ್ನು ನೆಕ್ಕಿಕೊಂಡು ಹೊಟ್ಟೆಗೂ ಹೋಗುತ್ತದೆ. ಸಣ್ಣ ಚಿಮಟದಲ್ಲಿ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು ನೇರವಾಗಿ ಎಳೆಯಿರಿ, ಕೈಯಲ್ಲಿ ಹಿಸುಕಬೇಡಿ. ಕಿವಿಯ ಒಳಗೆ, ಬೆರಳ ಸಂದಿ, ಪಟ್ಟಿಯ ಕೆಳಗೆ ದಿನಾ ನೋಡಿ. ಒಂದೆರಡು ವಾರದ ಮೇಲೆ ಊಟ ಬಿಟ್ಟು ಮಂಕಾದರೆ ಅದು ಉಣ್ಣೆ ಜ್ವರ ಇರಬಹುದು, ರಕ್ತ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಹತ್ತು ದಾಟಿದ ನಾಯಿಯನ್ನು ಮುಳ್ಳಯ್ಯನಗಿರಿ ಹತ್ತಿಸಬಹುದೇ? ಹಾಗೇ ಕೊಪ್ಪದ ಕಡೆ ಕಾಡಂಚಿನಲ್ಲಿ ಟೆಂಟ್ ಹಾಕುವ ಯೋಚನೆಯೂ ಇದೆ.
– ಓದುಗರು, ಚಿಕ್ಕಮಗಳೂರು

ಉತ್ತರ: ಮೆಟ್ಟಿಲು ಜಾಸ್ತಿ, ಗಾಳಿ ಜಾಸ್ತಿ, ಇಳಿಯುವಾಗ ಮುಂಗಾಲಿನ ಮೇಲೆ ಭಾರ ಇನ್ನೂ ಜಾಸ್ತಿ. ಕಾರು ನಿಲ್ಲಿಸುವ ಜಾಗದಲ್ಲೇ ಸ್ವಲ್ಪ ಓಡಾಡಿಸಿ ವಾಪಸ್ ಬನ್ನಿ. ಕೊಪ್ಪದ ಕಾಡಂಚು ಡಿಸೆಂಬರ್‌ನಿಂದ ಮೇವರೆಗೆ ಬೇಡ, ಅದು ಮಂಗನ ಕಾಯಿಲೆಯ ಸಮಯ. ಅದನ್ನು ಹರಡುವುದೂ ಉಣ್ಣೆಯೇ, ಮತ್ತು ಅಲ್ಲಿ ಜ್ವರ ಬರುವುದು ನಾಯಿಗಲ್ಲ, ನಿಮಗೆ. ಮಳೆಗಾಲಕ್ಕೆ ಮುಂದೂಡೋಣ ಅಂದುಕೊಂಡರೆ ಆಗ ಇಂಬಳ. ಮಳೆ ನಿಂತ ಮೇಲೆ, ನವೆಂಬರ್‌ನಲ್ಲಿ, ಊರೊಳಗಿನ ಹೋಂಸ್ಟೇ ನೋಡಿ. ಅಂದಹಾಗೆ ಭದ್ರಾ ಹುಲಿ ಮೀಸಲು ಪ್ರದೇಶಕ್ಕೆ ನಾಯಿ ಒಯ್ಯುವ ಮಾತೇ ಇಲ್ಲ.