ತಾಯಂದಿರಿಗೆ ಅಕ್ಷರ ಕಲಿಸಲು ಅವರ ಮಕ್ಕಳನ್ನೇ ಹಚ್ಚಬಹುದೇ?

ನಿಮ್ಮದು ಹತ್ತಿ ಬೆಳೆಯುವ ಊರು, ಸಂಜೆಯ ಅಕ್ಷರ ತರಗತಿಗೆ ಬರುತ್ತಿದ್ದ ಹೆಂಗಸರು ದೀಪಾವಳಿಯ ನಂತರ ಒಬ್ಬೊಬ್ಬರಾಗಿ ಬಿಟ್ಟರು, ಅವರಿಗೆ ಆಸಕ್ತಿಯೇ ಇಲ್ಲ ಎಂದು ಬರೆದಿದ್ದೀರಿ. ಇನ್ನು ಮುಂದೆ ಪ್ರತಿ ಮಗುವೂ ತನ್ನ ತಾಯಿಗೆ ಮನೆಯಲ್ಲೇ ಕಲಿಸಲಿ, ಚೆನ್ನಾಗಿ ಕಲಿಸಿದ ಮಗುವಿಗೆ ಬಹುಮಾನ ಕೊಡೋಣವೇ, ಅದಕ್ಕೆ ಮೊಬೈಲ್ ಆ್ಯಪ್ ಒಳ್ಳೆಯದೋ ಪುಸ್ತಕ ಒಳ್ಳೆಯದೋ ಎಂದು ಕೇಳಿದ್ದೀರಿ. ಬಹುಮಾನದ ಯೋಜನೆಯನ್ನು ದಯವಿಟ್ಟು ಇವತ್ತೇ ಕೈಬಿಡಿ. ನಾನು ಅದನ್ನು ಮಾಡಿ ನೋಡಿದವಳು.

2009ರಲ್ಲಿ ಆರಂಭವಾಗಿ 2018ರ ಮಾರ್ಚ್‌ನಲ್ಲಿ ಮುಗಿದ ಸಾಕ್ಷರ ಭಾರತ ಕಾರ್ಯಕ್ರಮದಲ್ಲಿ ಕೆಲವು ವರ್ಷ ಯಾದಗಿರಿ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಗೆ ನಾನು ಪ್ರೇರಕಿಯಾಗಿದ್ದೆ. ತಿಂಗಳಿಗೆ 2,000 ರೂಪಾಯಿ ಗೌರವಧನ. ಊರಿನಲ್ಲಿ ಓದುಬರಹ ಬಾರದವರ ಪಟ್ಟಿ ಮಾಡುವುದು, ಎಂಟು ಹತ್ತು ಮಂದಿಗೆ ಒಬ್ಬರಂತೆ ಸ್ವಯಂಸೇವಕ ಬೋಧಕರನ್ನು ಹುಡುಕುವುದು, ಕಲಿಯುವವರನ್ನು ಸಾಕ್ಷರತಾ ಪರೀಕ್ಷೆಗೆ ಸಿದ್ಧಮಾಡುವುದು ನನ್ನ ಕೆಲಸ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75.36 ಇದ್ದಾಗ ನಮ್ಮ ಜಿಲ್ಲೆಯದು ಶೇ. 51.83, ರಾಜ್ಯಕ್ಕೆಲ್ಲ ಕೊನೆಯದು. ಪ್ರತಿ ಸಭೆಯಲ್ಲೂ ಈ ಅಂಕಿಯನ್ನು ಕೇಳಿ ಕೇಳಿ, ಹೇಗಾದರೂ ಮಾಡಿ ನನ್ನ ಪಂಚಾಯಿತಿಯ ಪಟ್ಟಿಯನ್ನು ಮುಗಿಸಿಬಿಡಬೇಕೆಂಬ ಅವಸರ ನನಗೂ ಹತ್ತಿತ್ತು. ಬೋಧಕರು ಸಿಗುತ್ತಿರಲಿಲ್ಲ. ಪಿಯುಸಿ ಮುಗಿಸಿದ ಹುಡುಗರು ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋಗಿದ್ದರು, ಹುಡುಗಿಯರಿಗೆ ಮದುವೆಯಾಗಿತ್ತು. ಊರಿನಲ್ಲಿ ಓದಲು ಬರುವವರೆಂದು ಧಾರಾಳವಾಗಿ ಉಳಿದಿದ್ದವರು ಐದರಿಂದ ಏಳನೆಯ ತರಗತಿಯ ಮಕ್ಕಳು ಮಾತ್ರ. ಆಗ ನಿಮಗೆ ಹೊಳೆದಿರುವುದೇ ನನಗೂ ಹೊಳೆಯಿತು.

ಅದು ಎಷ್ಟು ಚೆಂದದ ಯೋಚನೆಯಾಗಿ ಕಂಡಿತ್ತೆಂದರೆ, ಅದರಲ್ಲಿ ತಪ್ಪಿರಬಹುದೆಂದು ಯಾರಿಗೂ ಅನ್ನಿಸಲಿಲ್ಲ. ತರಬೇತಿಯಲ್ಲಿ ಹಿರಿಯರು 1990ರಲ್ಲಿ ದೇಶದ ಮೊದಲ ಸಂಪೂರ್ಣ ಸಾಕ್ಷರ ಜಿಲ್ಲೆಯೆಂದು ಘೋಷಿತವಾದ ಎರ್ನಾಕುಲಂನ ಕಥೆ ಹೇಳುತ್ತಿದ್ದರು. ಅದರ ಹಿಂದೆಯೇ ನಮ್ಮ ದಕ್ಷಿಣ ಕನ್ನಡ ಮತ್ತು ವಿಜಯಪುರ ಜಿಲ್ಲೆಗಳಲ್ಲಿ ನಡೆದ ಆಂದೋಲನದಲ್ಲಿ ವಿದ್ಯಾರ್ಥಿಗಳು ಹಿರಿಯರಿಗೆ ಅಕ್ಷರ ಕಲಿಸಿದ್ದನ್ನು ನೆನೆಯುತ್ತಿದ್ದರು. ವಿದ್ಯಾರ್ಥಿಗಳು ಕಲಿಸಬಲ್ಲರು ಎಂಬುದಷ್ಟೇ ನನ್ನ ಕಿವಿಗೆ ಬಿತ್ತು. ಆ ವಿದ್ಯಾರ್ಥಿಗಳು ಬಹುಮಟ್ಟಿಗೆ ಬೇರೆಯವರ ತಾಯಂದಿರಿಗೆ, ಮತ್ತೊಂದು ಓಣಿಯ ಅಜ್ಜಂದಿರಿಗೆ ಕಲಿಸಿದ್ದರು ಎಂಬುದನ್ನು ನಾನು ಗಮನಿಸಲಿಲ್ಲ. ನನ್ನ ತಪ್ಪು ಇರುವುದು ಸರಿಯಾಗಿ ಇಲ್ಲಿಯೇ, ಆದ್ದರಿಂದ ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ದಸರೆಯ ರಜೆ ಮುಗಿದ ಮೇಲೆ ಪ್ರತಿ ಮಗುವಿಗೂ ಒಂದು ನೋಟುಬುಕ್ಕು ಕೊಟ್ಟೆವು. ತಾಯಿ ದಿನವೂ ಒಂದು ಪುಟ ಬರೆಯಬೇಕು, ಮಗು ಅದನ್ನು ತಿದ್ದಿ ಹತ್ತಕ್ಕೆ ಇಷ್ಟೆಂದು ಅಂಕ ಹಾಕಬೇಕು, ಗಣರಾಜ್ಯೋತ್ಸವದ ದಿನ ಶಾಲೆಯ ಅಂಗಳದಲ್ಲಿ ಬಹುಮಾನ. ತಿದ್ದುವುದಕ್ಕೆ ಮಕ್ಕಳು ತಾವಾಗಿಯೇ ಕೆಂಪು ಶಾಯಿಯ ಪೆನ್ನು ತಂದುಕೊಂಡರು. ಅವರಿಗೆ ಗೊತ್ತಿದ್ದ ಕಲಿಸುವ ರೀತಿ ಒಂದೇ, ತಮಗೆ ಶಾಲೆಯಲ್ಲಿ ಆಗುತ್ತಿದ್ದ ರೀತಿ. ಹೊಲದಿಂದ ಬಂದು, ಒಲೆ ಹಚ್ಚಿ, ರೊಟ್ಟಿ ಬಡಿದು, ಉಂಡವರ ತಾಟು ತೊಳೆದು ಬಂದು ಕೂತ ಹೆಂಗಸಿಗೆ ಹನ್ನೊಂದು ವರ್ಷದ ಮಗ "ನಿನ್ನೆ ಹೇಳಿದ್ದು ಇವತ್ತೇ ಮರೆತಿಯಲ್ಲ, ತಲಿ ಇಲ್ಲೇನು?" ಎನ್ನುತ್ತಿದ್ದ. ಅದು ಅವನ ಮಾತಾಗಿರಲಿಲ್ಲ, ಅವನು ಕೇಳಿಸಿಕೊಂಡ ಮಾತಾಗಿತ್ತು. ಗಂಡನೂ ಅತ್ತೆಯೂ ಅದೇ ಪಡಸಾಲೆಯಲ್ಲಿ ಕೂತು ಕೇಳುತ್ತಿದ್ದರು. ಅತ್ತೆಯ ಎದುರು ಮಗನಿಂದ ಹತ್ತಕ್ಕೆ ಎರಡು ತೆಗೆದುಕೊಳ್ಳುವ ಸೊಸೆ ಮರುದಿನ ಸ್ಲೇಟು ಮುಟ್ಟುವುದಾದರೂ ಹೇಗೆ?

ನಾನು ಮನೆಮನೆಗೆ ಹೋಗಿ ವಿಚಾರಿಸಿದಾಗ ಯಾರೂ ಇದನ್ನು ಹೇಳಲಿಲ್ಲ. "ಕಣ್ಣು ಕಾಣಂಗಿಲ್ಲ ಅಕ್ಕಾ," "ಹತ್ತಿ ಬಿಡಿಸಿ ಕೈ ನೊಂದಾವ" ಎಂದರು. ಬಹಳ ದಿನಗಳ ಮೇಲೆ ಬಾವಿಕಟ್ಟೆಯ ಹತ್ತಿರ ಒಬ್ಬಾಕೆ ಹೇಳಿದಳು: "ನನ್ನ ಮಗ ನನಗ ಮಾಸ್ತರ ಆಗ್ಯಾನ. ಇನ್ನ ಅವ ಸಾಲಿ ತಪ್ಪಿಸಿದ್ರ ನಾ ಬೈಯೋದು ಹ್ಯಾಂಗ?" ಆಕೆಗೆ ಅಕ್ಷರದ ಮೇಲೆ ಬೇಸರವಿರಲಿಲ್ಲ. ಮನೆಯಲ್ಲಿ ತನಗಿದ್ದ ಒಂದೇ ಒಂದು ಅಧಿಕಾರವನ್ನು ನಾನು ಕಿತ್ತು ಮಗನ ಕೈಗೆ ಕೊಟ್ಟಿದ್ದೆ. ಬೇರೆಯವರ ಮಗಳು ತಿದ್ದಿದರೆ ಅದು ಪಾಠ, ತನ್ನ ಮಗ ತಿದ್ದಿದರೆ ಅದು ಮಾನದ ಪ್ರಶ್ನೆ; ಇಷ್ಟು ತಿಳಿಯಲು ಸಮಾಜಶಾಸ್ತ್ರ ಓದಬೇಕಿರಲಿಲ್ಲ, ನನ್ನ ಅವ್ವನನ್ನೇ ನೆನೆಸಿಕೊಂಡಿದ್ದರೆ ಸಾಕಿತ್ತು.

ಇನ್ನು ಬಹುಮಾನ. ತಾಯಿ ಬರೆಯುವುದನ್ನು ನಿಲ್ಲಿಸಿದ ಮನೆಗಳಲ್ಲಿ ನೋಟುಬುಕ್ಕು ನಿಲ್ಲಲಿಲ್ಲ. ಮಕ್ಕಳು ಎಡಗೈಯಲ್ಲಿ ಬರೆದು, ಬೇಕೆಂದೇ ಅಲ್ಲಲ್ಲಿ ತಪ್ಪು ಮಾಡಿ, ಅದನ್ನು ಕೆಂಪು ಶಾಯಿಯಲ್ಲಿ ತಿದ್ದಿ ಅಂಕ ಹಾಕಿಕೊಂಡರು. ಜನವರಿಯಲ್ಲಿ ನನ್ನ ಮೇಜಿನ ಮೇಲೆ ತುಂಬಿದ ಪುಸ್ತಕಗಳ ರಾಶಿಯೇ ಇತ್ತು, ನಾನು ಹಿಗ್ಗಿ ವರದಿ ಬರೆದೆ. ಬಹುಮಾನ ವಿತರಣೆಯ ದಿನ ಗೆದ್ದ ಮಕ್ಕಳ ತಾಯಂದಿರನ್ನು ವೇದಿಕೆಗೆ ಕರೆದು ಎಲ್ಲರೆದುರು ಹಲಗೆಯ ಮೇಲೆ ಹೆಸರು ಬರೆಯಲು ಹೇಳಿದೆವು. ಆಮೇಲೆ ಏನಾಯಿತೆಂದು ನೀವು ಊಹಿಸಬಹುದು. ಅದನ್ನು ವಿವರಿಸಲು ಈಗಲೂ ನನಗೆ ಮನಸ್ಸಿಲ್ಲ. ಮಾರ್ಚ್‌ನ ಪರೀಕ್ಷೆಗೆ ಆ ಓಣಿಯಿಂದ ಯಾರೂ ಬರಲಿಲ್ಲ, ಮುಂದಿನ ಸುಗ್ಗಿ ಮುಗಿಯುವವರೆಗೆ ನನ್ನನ್ನು ಕಂಡರೆ ಹೆಂಗಸರು ಕೊಡ ಎತ್ತಿಕೊಂಡು ಒಳಗೆ ಹೋಗುತ್ತಿದ್ದರು.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡದಲ್ಲಿರುವ "ಆಸಕ್ತಿಯೇ ಇಲ್ಲ" ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ದೀಪಾವಳಿಯ ನಂತರ ಬಿಟ್ಟರು ಎಂದು ನೀವೇ ಬರೆದಿದ್ದೀರಿ. ಹತ್ತಿ ಒಡೆಯುವುದು ಆಗಲೇ ಅಲ್ಲವೇ? ಬೆಳಗಿನ ಇಬ್ಬನಿ ಆರುವ ಮೊದಲೇ ಹೊಲಕ್ಕೆ ಇಳಿದು, ಬಗ್ಗಿದ ಸೊಂಟ ಎತ್ತದೆ ಸಂಜೆಯವರೆಗೆ ಬಿಡಿಸಿ ಬಂದವರು ನಿಮ್ಮ ತರಗತಿಗೆ ಏಕೆ ಬರಬೇಕು? ಕೂಲಿ ದಿನಕ್ಕಲ್ಲ, ಕಿಲೋ ಲೆಕ್ಕಕ್ಕೆ. ಒಂದು ಗಂಟೆ ಬೇಗ ಬಂದರೆ ಅಷ್ಟು ಹಣ ಹೋಯಿತು. ಪ್ರೇರಣಾ ಭಾಷಣ, ಜಾಥಾ, ಬೀದಿನಾಟಕ ಇವುಗಳಿಂದ ಈ ಲೆಕ್ಕ ಬದಲಾಗುವುದಿಲ್ಲ. ನವೆಂಬರ್‌ನಿಂದ ಹತ್ತಿ ಮುಗಿಯುವವರೆಗೆ ತರಗತಿಯನ್ನು ನೀವೇ ನಿಲ್ಲಿಸಿ, ನಿಲ್ಲಿಸುತ್ತೇವೆಂದು ಮೊದಲೇ ಹೇಳಿ. ಬಿಟ್ಟುಹೋದವರು ಎಂಬ ಅಪವಾದ ಅವರ ಮೇಲೆ ಬರುವುದಿಲ್ಲ. ಅಪವಾದ ಹೊತ್ತವರು ಮತ್ತೆ ಬರುವುದು ಕಡಿಮೆ.

ಎರಡನೆಯ ಸಲ ನಾನು ಕೆಲಸ ಹಿಡಿದದ್ದು ಅದೇ ಹತ್ತಿಯ ತೂಕದಿಂದ. ಸಂಜೆ ಮೇಸ್ತ್ರಿ ತೂಕದ ಕೊಕ್ಕೆಗೆ ಗಂಟು ನೇತುಹಾಕಿ, ಮುಳ್ಳು ನೋಡಿ, ತನ್ನ ಚಿಕ್ಕ ಪುಸ್ತಕದಲ್ಲಿ ಹೆಸರಿನ ಮುಂದೆ ಅಂಕಿ ಬರೆಯುತ್ತಾನೆ. 32 ಬಿಡಿಸಿದವಳ ಮುಂದೆ 23 ಎಂದು ಬರೆದರೂ ಆಕೆಗೆ ಗೊತ್ತಾಗುವುದಿಲ್ಲ, ವಾರದ ಕೊನೆಗೆ ಕೈಗೆ ಬಂದ ಹಣ ಕಡಿಮೆ ಅನ್ನಿಸಿದರೂ ಬಾಯಿಬಿಡಲು ಆಧಾರವಿಲ್ಲ. ಹಾಗಾಗಿ ಅಕ್ಷರಕ್ಕೂ ಮೊದಲು ಅಂಕಿ ಕಲಿಸಿದೆವು, ಅದೂ 1, 2, 3 ಎಂಬ ಅಂಕಿಗಳನ್ನು. ಕನ್ನಡದ ಅಂಕಿಗಳನ್ನು ಆಮೇಲೆ ಕಲಿಸಬಹುದು. ಇದಕ್ಕೆ ಬೇಸರಪಡುವವರಿದ್ದಾರೆಂದು ಬಲ್ಲೆ, ಆದರೆ ತಕ್ಕಡಿಯ ಮೇಲೆ, ಫೋನಿನ ಮೇಲೆ, ಪಾಸ್‌ಬುಕ್ಕಿನಲ್ಲಿ ಇರುವುದು ಯಾವುದೋ ಅದೇ ಮೊದಲು ಬರಬೇಕು. ಒಂದು ವಾರದ ತೂಕವನ್ನು ತಾವೇ ಬರೆದಿಟ್ಟುಕೊಂಡು ಮೇಸ್ತ್ರಿಯ ಪುಸ್ತಕದೊಡನೆ ತಾಳೆ ನೋಡಿದ ಹೆಂಗಸರಿಗೆ ಓದುಬರಹದ ಉಪಯೋಗವನ್ನು ನಾನು ವಿವರಿಸಬೇಕಾಗಲಿಲ್ಲ.

ಆಮೇಲೆ ಹೆಸರು. ವರ್ಣಮಾಲೆಯ ಸಾಲು ಹಿಡಿದು ಅ, ಆ ಎಂದು ಹೊರಟರೆ ಒತ್ತಕ್ಷರ ಬರುವುದು ಕಟ್ಟಕಡೆಗೆ. ನಮ್ಮ ಕಡೆಯ ಹೆಂಗಸರ ಹೆಸರುಗಳನ್ನು ನೋಡಿ: ಮಲ್ಲಮ್ಮ, ಯಲ್ಲಮ್ಮ, ಹಣಮವ್ವ, ಬಸಮ್ಮ. ಆಕೆ ಮೊದಲ ದಿನ ಬರೆಯಲು ಬಯಸುವ ಪದದಲ್ಲೇ ಒತ್ತಕ್ಷರ ಕೂತಿದೆ. ಮ ಕೆಳಗೆ ಒತ್ತು ಹಾಕುವುದನ್ನು ಮೊದಲ ವಾರವೇ ಕಲಿಸಿ, ಕಷ್ಟವೆಂದು ಹೆದರಬೇಡಿ. ತಮ್ಮ ಹೆಸರಿನೊಳಗಿನ ಕಷ್ಟವನ್ನು ಯಾರೂ ಬೇಡವೆನ್ನುವುದಿಲ್ಲ. ಆದರೆ ಸಹಿಗೆ ನಿಲ್ಲಿಸಲೂಬೇಡಿ. ಜನಗಣತಿ ಕೂಡ ಏಳು ವರ್ಷ ಮೇಲ್ಪಟ್ಟು ಅರ್ಥ ತಿಳಿದು ಓದಿ ಬರೆಯಬಲ್ಲವರನ್ನು ಮಾತ್ರ ಸಾಕ್ಷರರೆಂದು ಎಣಿಸುತ್ತದೆ. ನನ್ನ ಅನುಭವದಲ್ಲಿ ಸಹಿ ಮಾತ್ರ ಬರುವುದು ಏನೂ ಬಾರದಿರುವುದಕ್ಕಿಂತ ಅಪಾಯ: ಹೆಬ್ಬೆಟ್ಟು ಒತ್ತುವವಳಿಗೆ ಯಾರಾದರೂ ಕಾಗದವನ್ನು ಓದಿ ಹೇಳುತ್ತಾರೆ, ಸಹಿ ಮಾಡುವವಳಿಗೆ ಓದಿ ಹೇಳುವ ಗೋಜಿಗೆ ಯಾರೂ ಹೋಗುವುದಿಲ್ಲ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರು ಒಬ್ಬೊಬ್ಬರೇ ಬಸ್ಸು ಹತ್ತುತ್ತಿದ್ದಾರೆ. ಈಗ ಬಸ್ಸಿನ ಬೋರ್ಡಿಗಿಂತ ಒಳ್ಳೆಯ ಪಾಠವಿಲ್ಲ. ನಮ್ಮಲ್ಲಿ ಶಹಾಪುರ ಮತ್ತು ಸುರಪುರ ಎರಡೂ ನಾಲ್ಕಕ್ಷರದ ಹೆಸರುಗಳು, ಎರಡರ ಕೊನೆಯೂ ಪುರ. ಆಕಾರ ನೋಡಿ ಗುರುತು ಹಿಡಿಯುವವರು ಎಡವುತ್ತಾರೆ, ಮೊದಲೆರಡು ಅಕ್ಷರ ಓದಲೇಬೇಕು. ನಿಮ್ಮ ತಾಲ್ಲೂಕಿನಲ್ಲಿಯೂ ಇಂಥ ಜೋಡಿ ಸಿಕ್ಕೇ ಸಿಗುತ್ತದೆ, ಹುಡುಕಿ.

ಹಾಗಾದರೆ ಮಕ್ಕಳಿಗೆ ಇದರಲ್ಲಿ ಕೆಲಸವೇ ಇಲ್ಲವೇ ಎಂದರೆ ಇದೆ, ಆದರೆ ಗುರುಗಳ ಕೆಲಸವಲ್ಲ, ಬರಹಗಾರರ ಕೆಲಸ. ನಾವು ಆಮೇಲೆ ಹೀಗೆ ಮಾಡಿದೆವು: ತಾಯಿ ಅಥವಾ ಅಜ್ಜಿ ತನಗೆ ಬಾಯಿಗೆ ಬರುವ ಬೀಸುವ ಪದವನ್ನೋ ಸೋಬಾನೆಯನ್ನೋ ಹೇಳಬೇಕು, ಏಳನೆಯ ತರಗತಿಯ ಹುಡುಗಿ ಅದನ್ನು ಹೇಳಿದಂತೆಯೇ ದೊಡ್ಡ ಅಕ್ಷರದಲ್ಲಿ ಬರೆಯಬೇಕು. ತಪ್ಪಿದರೆ ತಿದ್ದುವವಳು ತಾಯಿ. "ಹಂಗಲ್ಲ ಬೇ, 'ಮುಂಜಾನೆದ್ದು' ಅನ್ನು" ಎಂದು ಒಬ್ಬ ಅಜ್ಜಿ ಮೊಮ್ಮಗಳಿಗೆ ಒಂದೇ ಸಾಲನ್ನು ಮತ್ತೆ ಮತ್ತೆ ಬರೆಸಿದ್ದನ್ನು ನಾನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಮರುದಿನ ಅದೇ ಹಾಳೆ ಆಕೆಯ ಪಾಠ. ಸಾಲು ಅವಳಿಗೆ ಮೊದಲೇ ಕಂಠಪಾಠ, ಆದ್ದರಿಂದ ಓದುವುದೆಂದರೆ ಬಾಯಲ್ಲಿರುವ ಮಾತು ಹಾಳೆಯ ಮೇಲೆ ಎಲ್ಲಿ ಕೂತಿದೆಯೆಂದು ಬೆರಳಿಟ್ಟು ಹುಡುಕುವುದಷ್ಟೇ. ಮಗುವಿನ ಬರವಣಿಗೆಯೂ ಇದರಿಂದ ಸುಧಾರಿಸುತ್ತದೆ, ಶಾಲೆಯ ಮೇಷ್ಟ್ರುಗಳೇ ನನಗೆ ಹೇಳಿದ್ದರು. ಇಂಥ ಹಾಳೆಗಳನ್ನು ಹೊಲಿದು ಪಂಚಾಯಿತಿಯ ಗ್ರಂಥಾಲಯದಲ್ಲಿ ಇಡಿ. ಈಗ ರಾಜ್ಯದಲ್ಲಿ ಅರಿವು ಕೇಂದ್ರ ಎಂಬ ಹೆಸರಿನಲ್ಲಿ 5,000ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ, ನಿಮ್ಮ ಹತ್ತಿರವೂ ಒಂದಿರುತ್ತದೆ.

ತಿದ್ದುವ ಕೆಲಸಕ್ಕೆ ಮಕ್ಕಳನ್ನು ಬಿಟ್ಟರೆ ಬೇರೆ ಯಾರೂ ಇಲ್ಲವೆಂದಾದರೆ ಮಕ್ಕಳನ್ನು ಅದಲುಬದಲು ಮಾಡಿ, ಈ ಓಣಿಯ ಹುಡುಗಿ ಆ ಓಣಿಯ ತಾಯಂದಿರಿಗೆ. ಕೆಂಪು ಪೆನ್ನು ಬೇಡ, ಅಂಕ ಬೇಡ, ವೇದಿಕೆ ಬೇಡ.

ಆ್ಯಪ್ ಮತ್ತು ಪುಸ್ತಕದ ಬಗ್ಗೆ ನನಗೆ ಹೆಚ್ಚು ಹೇಳಲು ಏನೂ ಇಲ್ಲ. ಮನೆಯ ಒಂದೇ ಫೋನು ಗಂಡನ ಜೇಬಿನಲ್ಲಿ ಇರುವ ತನಕ ಆ್ಯಪ್ ಆಕೆಯದಾಗುವುದಿಲ್ಲ, ಸರ್ಕಾರ ಕೊಡುವ ಪುಸ್ತಕ ಸಾಕು. 2022ರಿಂದ ನಡೆಯುತ್ತಿರುವ ನವಭಾರತ ಸಾಕ್ಷರತಾ ಕಾರ್ಯಕ್ರಮದ ಪರೀಕ್ಷೆ ಓದು, ಬರಹ, ಲೆಕ್ಕ ತಲಾ 50ರಂತೆ 150 ಅಂಕಗಳದ್ದು. ಬರೆಯುತ್ತೇನೆಂದು ತಾವಾಗಿ ಹೇಳಿದವರನ್ನು ಕೂರಿಸಿ, ಪಟ್ಟಿ ತುಂಬಿಸಲು ಯಾರನ್ನೂ ಎಳೆದು ತರಬೇಡಿ.

ಇನ್ನೊಂದು ವಿಷಯ, ತೂಕದ ಲೆಕ್ಕದಿಂದ ಪಾಠ ಆರಂಭಿಸುವುದಾದರೆ ಮೊದಲೇ ಮೇಸ್ತ್ರಿಯನ್ನು ಕಂಡು ಮಾತಾಡಿ, ಸಾಧ್ಯವಾದರೆ ಹೊಲದ ಒಡೆಯನನ್ನೂ. ಹೆಂಗಸರು ಪುಸ್ತಕ ಹಿಡಿದು ತಕ್ಕಡಿಯ ಪಕ್ಕ ನಿಂತದ್ದನ್ನು ಕಂಡು ಅವನಿಗೆ ಸಿಟ್ಟು ಬಂದರೆ ಮರುದಿನ ಕೆಲಸಕ್ಕೆ ಕರೆಯದಿರುವುದು ಅವರನ್ನು, ನಿಮ್ಮನ್ನಲ್ಲ. ಇಡೀ ಗುಂಪು ಒಟ್ಟಿಗೆ ಬರೆದುಕೊಳ್ಳಲಿ, ಒಬ್ಬಳನ್ನೇ ಮುಂದೆ ಮಾಡಬೇಡಿ.