ಗುರಿ ಯಾವ ಪುಟದಲ್ಲಿದೆ?

ನಗರಾಡಳಿತದ ಹಣಕಾಸಿನ ಬಗ್ಗೆ ಓದುಗರಿಂದ ಬಂದ ಪ್ರಶ್ನೆಗಳಲ್ಲಿ ಒಂದೇ ಅರ್ಥದವನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಗರಾಡಳಿತಗಳು ಇಪ್ಪತ್ತು, ಮೂವತ್ತು ವರ್ಷಗಳ ಮುನ್ನೋಟವನ್ನು ಪುಸ್ತಕರೂಪದಲ್ಲಿ ಹೊರತರುತ್ತವೆ. ಆದರೆ ಆಯವ್ಯಯಕ್ಕೆ ಒಪ್ಪಿಗೆ ಸಿಗುವುದು ಒಂದು ವರ್ಷದ ಮಟ್ಟಿಗೆ ಮಾತ್ರ. ಇವೆರಡಕ್ಕೂ ನಿಜವಾಗಿ ಸಂಬಂಧವಿದೆಯೇ?

ಉತ್ತರ: ಇರಬೇಕು, ಅನೇಕ ಕಡೆ ಇರುವುದಿಲ್ಲ. ಮುನ್ನೋಟವನ್ನು ಬರೆಯುವವರು ಯೋಜನಾ ವಿಭಾಗದವರು, ಆಯವ್ಯಯವನ್ನು ಸಿದ್ಧಪಡಿಸುವವರು ಲೆಕ್ಕಪತ್ರ ವಿಭಾಗದವರು. ಒಂದೇ ಕಟ್ಟಡದ ಬೇರೆ ಬೇರೆ ಮಹಡಿಗಳಲ್ಲಿ ಕುಳಿತ ಇವರು ಒಬ್ಬರ ಕಡತವನ್ನು ಇನ್ನೊಬ್ಬರು ತೆರೆದು ನೋಡದೆಯೇ ವರ್ಷಗಳನ್ನು ಕಳೆಯುವುದು ಅಪರೂಪವೇನಲ್ಲ. ಈ ಅಂತರವನ್ನು ತುಂಬುವುದಕ್ಕೆ ನಡುವೆ ಇನ್ನೆರಡು ದಾಖಲೆಗಳು ಬೇಕು. ಮುಂದಿನ ಐದು ಅಥವಾ ಹತ್ತು ವರ್ಷಗಳಲ್ಲಿ ಯಾವ ಕಾಮಗಾರಿ ಯಾವ ವರ್ಷ ಆರಂಭವಾಗಿ, ಯಾವ ಮೂಲದ ಹಣದಿಂದ ಮುಗಿಯುತ್ತದೆ ಎಂದು ಹೇಳುವ ಬಂಡವಾಳ ಕಾಮಗಾರಿಗಳ ಪಟ್ಟಿ ಒಂದು. ಅದೇ ಅವಧಿಯ ತೆರಿಗೆ, ಶುಲ್ಕ, ಅನುದಾನಗಳನ್ನು ಒಂದು ಕಡೆಗೂ ಸಂಬಳ, ಪಿಂಚಣಿ, ಬಡ್ಡಿ, ನಿರ್ವಹಣೆಗಳನ್ನು ಇನ್ನೊಂದು ಕಡೆಗೂ ವರ್ಷವಾರು ಬರೆದು ತೂಗಿ ನೋಡುವ ಹಣಕಾಸು ಮುನ್ನಂದಾಜು ಮತ್ತೊಂದು. ಸಭೆಯ ಒಪ್ಪಿಗೆಗೆ ಬರುವ ವಾರ್ಷಿಕ ಆಯವ್ಯಯ ಈ ಮುನ್ನಂದಾಜಿನ ಮೊದಲ ವರ್ಷದ ಕಾಲಂ ಆಗಿದ್ದರೆ ಕೊಂಡಿ ಗಟ್ಟಿಯಾಗಿದೆ ಎಂದು ತಿಳಿಯಬಹುದು.

ಕೆಲವು ದೇಶಗಳು ಇದನ್ನು ಆಡಳಿತಗಾರರ ಇಚ್ಛೆಗೆ ಬಿಟ್ಟಿಲ್ಲ. ನ್ಯೂಜಿಲೆಂಡಿನಲ್ಲಿ 2002ರ ಸ್ಥಳೀಯ ಸರ್ಕಾರ ಕಾಯಿದೆಯು ಪ್ರತಿ ನಗರಾಡಳಿತವೂ ಕನಿಷ್ಠ 10 ವರ್ಷಗಳ ದೀರ್ಘಾವಧಿ ಯೋಜನೆಯನ್ನು ರೂಪಿಸಿ, ಮೂರು ವರ್ಷಕ್ಕೊಮ್ಮೆ ಹೊಸದಾಗಿ ಬರೆದು ಜನರ ಮುಂದಿಡಬೇಕೆಂದು ವಿಧಿಸಿತು. 2014ರ ತಿದ್ದುಪಡಿಯಿಂದ ನೀರು, ಒಳಚರಂಡಿ, ರಸ್ತೆಗಳಂಥವಕ್ಕೆ ಕನಿಷ್ಠ 30 ವರ್ಷಗಳ ಲೆಕ್ಕವೂ ಅದರೊಳಗೆ ಸೇರಿತು. ಅಲ್ಲಿ ನನಗೆ ಬಹಳ ಹಿಡಿಸಿದ ಅಂಶವೆಂದರೆ ಲೆಕ್ಕಪರಿಶೋಧಕರು ಕಳೆದುಹೋದ ವರ್ಷದ ಖರ್ಚನ್ನಷ್ಟೇ ನೋಡದೆ, ಮುಂದಿನ ವರ್ಷಗಳ ಅಂದಾಜು ಯಾವ ಊಹೆಗಳ ಮೇಲೆ ನಿಂತಿದೆ ಎಂಬುದನ್ನೂ ಪರಿಶೀಲಿಸಿ ಅಭಿಪ್ರಾಯ ಕೊಡುವುದು. ಜನಸಂಖ್ಯೆ ಇಷ್ಟೇ ಬೆಳೆಯುತ್ತದೆ, ಬಡ್ಡಿ ಇಷ್ಟೇ ಇರುತ್ತದೆ ಎಂದು ಗುಮಾಸ್ತರು ತಮಗೆ ಅನುಕೂಲವಾದ ಅಂಕಿಗಳನ್ನು ತುಂಬಿಬಿಟ್ಟರೆ ಮೂವತ್ತು ವರ್ಷಗಳ ಯೋಜನೆ ಮೂವತ್ತು ವರ್ಷಗಳ ಆಸೆಪಟ್ಟಿಯಾಗಿಬಿಡುತ್ತದೆಯಷ್ಟೆ.

ಕಾನೂನಿನ ಒತ್ತಾಯಕ್ಕಿಂತ ಹೆಚ್ಚಾಗಿ ಸ್ವಂತ ಅಭ್ಯಾಸದಿಂದ ಇದನ್ನು ನಡೆಸಿಕೊಂಡು ಬಂದಿರುವ ಊರಿಗೆ ಕ್ಯಾಲಿಫೋರ್ನಿಯಾದ ಸನ್ನಿವೇಲ್ ಒಳ್ಳೆಯ ಉದಾಹರಣೆ. ಅದರ ಆಯವ್ಯಯದಲ್ಲಿ 20 ವರ್ಷಗಳ ಹಣಕಾಸು ಯೋಜನೆ ಇರುತ್ತದೆ ಮತ್ತು ಜಮಾ-ಖರ್ಚು ಆ ಇಡೀ ಅವಧಿಗೆ ಸರಿತೂಗಬೇಕು. ಒಬ್ಬ ಸದಸ್ಯರು ಈ ವರ್ಷ ಹೊಸ ಸೇವೆಯೊಂದನ್ನು ಆರಂಭಿಸಬೇಕೆಂದು ಕೇಳಿದರೆ, ಅದು ಹನ್ನೆರಡನೆಯ ವರ್ಷದಲ್ಲಿ ಮೀಸಲು ನಿಧಿಯನ್ನು ಎಷ್ಟು ಕರಗಿಸುತ್ತದೆ ಎಂಬುದು ಚರ್ಚೆಯ ಹೊತ್ತಿಗೇ ಮೇಜಿನ ಮೇಲಿರುತ್ತದೆ. ಹನ್ನೆರಡನೆಯ ವರ್ಷದ ಅಂಕಿ ನಿಖರವಾಗಿರುವುದು ಸಾಧ್ಯವಿಲ್ಲ, ನಿಜ. ಆದರೂ ಬೇಡಿಕೆಯಿಟ್ಟವರು ಆ ಅಂಕಿಗೆ ಉತ್ತರ ಹೇಳಬೇಕಾಗುತ್ತದೆ.

ಪ್ರಶ್ನೆ: ಇಂಥ ಗುರಿಗಳನ್ನು ನಿರ್ಧರಿಸುವವರು ಯಾರು? ಜನಸಾಮಾನ್ಯರ ಮಾತಿಗೆ ಅಲ್ಲಿ ಬೆಲೆಯಿದೆಯೇ?

ಉತ್ತರ: ಮೊದಲು ಒಂದು ಕಹಿ ಮಾತು ಹೇಳಬೇಕು. ಆಯವ್ಯಯದ ದೊಡ್ಡ ಪಾಲು ಯಾರೂ ಹೊಸದಾಗಿ ನಿರ್ಧರಿಸುವಂಥದ್ದಲ್ಲ. ಸಂಬಳ, ಪಿಂಚಣಿ, ಹಳೆಯ ಸಾಲದ ಕಂತು, ಕಸ ವಿಲೇವಾರಿ, ನೀರೆತ್ತುವ ವಿದ್ಯುತ್ತು, ಮೇಲಿನ ಸರ್ಕಾರ ಕಾನೂನಿನ ಮೂಲಕ ಹೊರಿಸಿದ ಕೆಲಸ ಎಂದು ಅದು ಮೊದಲೇ ಹಂಚಿಹೋಗಿರುತ್ತದೆ. ಚರ್ಚೆಗೆ ಉಳಿಯುವುದು ಸಣ್ಣ ಪಾಲು. ಆ ಸಣ್ಣ ಪಾಲನ್ನು ಹಲವು ವರ್ಷ ಒಂದೇ ದಿಕ್ಕಿಗೆ ತಿರುಗಿಸುತ್ತ ಬಂದರೆ ಮಾತ್ರ ದೀರ್ಘಾವಧಿಯ ಗುರಿ ಕೈಗೂಡುತ್ತದೆ.

ಬ್ರೆಜಿಲ್ಲಿನ ಪೋರ್ಟೊ ಅಲೆಗ್ರೆ ನಗರ 1989ರಲ್ಲಿ ಈ ಪಾಲಿನ ಕುರಿತ ತೀರ್ಮಾನವನ್ನು ಜನರ ಮುಂದಿಟ್ಟಿತು. ಬಡಾವಣೆಗಳ ಸಭೆಗಳಲ್ಲಿ ಜನ ಆದ್ಯತೆಗಳನ್ನು ಹೇಳುತ್ತಿದ್ದರು, ಅವರು ಆರಿಸಿದ ಪ್ರತಿನಿಧಿಗಳು ಹಂಚಿಕೆಯನ್ನು ಚರ್ಚಿಸುತ್ತಿದ್ದರು, ಸೌಲಭ್ಯದ ಕೊರತೆ ಹೆಚ್ಚಿರುವ ಪ್ರದೇಶಗಳಿಗೆ ಹಂಚಿಕೆಯ ಸೂತ್ರದಲ್ಲೇ ಹೆಚ್ಚು ತೂಕವಿತ್ತು. ಜನರ ಕೈಗೆ ಕೊಟ್ಟರೆ ಕಣ್ಣಿಗೆ ಕಾಣುವ ಅಲಂಕಾರವನ್ನೇ ಕೇಳುತ್ತಾರೆಂಬ ಅಧಿಕಾರಿಗಳ ಅನುಮಾನಕ್ಕೆ ಅಲ್ಲಿ ಪುಷ್ಟಿ ಸಿಗಲಿಲ್ಲ. ಬಡ ಬಡಾವಣೆಗಳವರು ಕೇಳಿದ್ದು ಒಳಚರಂಡಿ, ಗಟ್ಟಿ ರಸ್ತೆ, ವಸತಿ. ಈ ಪದ್ಧತಿ ಮುಂದೆ ಬೇರೆ ಬೇರೆ ದೇಶಗಳ ಬಹಳಷ್ಟು ನಗರಗಳಿಗೆ ಹಬ್ಬಿತು, ಪ್ಯಾರಿಸ್ ಕೂಡ 2014ರಲ್ಲಿ ಅದನ್ನು ಆರಂಭಿಸಿತು. ಜನರು ತೀರ್ಮಾನಿಸುವ ಹಣ ಒಟ್ಟು ಆಯವ್ಯಯದ ಎಷ್ಟನೆಯ ಪಾಲು ಎಂಬುದನ್ನು ಮಾತ್ರ ಕೇಳಿ ತಿಳಿದುಕೊಳ್ಳಬೇಕು. ನೂರಕ್ಕೆ ಒಂದರಷ್ಟು ಹಣವನ್ನು ಜನರಿಗೆ ಬಿಟ್ಟು ತೊಂಬತ್ತೊಂಬತ್ತನ್ನು ಹಿಂದಿನಂತೆಯೇ ಹಂಚಿಕೊಳ್ಳುವುದೂ ನಡೆಯಬಹುದಲ್ಲ.

ಪ್ರಶ್ನೆ: ಈಜುಕೊಳ, ಗ್ರಂಥಾಲಯ, ಸಮುದಾಯ ಭವನಗಳು ಸಂಭ್ರಮದಿಂದ ಉದ್ಘಾಟನೆಯಾಗಿ ಕೆಲವೇ ವರ್ಷಗಳಲ್ಲಿ ಬೀಗ ಕಾಣುವುದೇಕೆ? ಕಟ್ಟುವಾಗ ಇದ್ದ ಹಣ ನಡೆಸುವಾಗ ಎಲ್ಲಿಗೆ ಹೋಗುತ್ತದೆ?

ಉತ್ತರ: ಎಲ್ಲಿಗೂ ಹೋಗಿರುವುದಿಲ್ಲ, ಅದು ಬೇರೆ ಲೆಕ್ಕದ ಹಣ. ನಗರಾಡಳಿತದ ಖರ್ಚಿನಲ್ಲಿ ಬಂಡವಾಳ ವೆಚ್ಚ ಮತ್ತು ರಾಜಸ್ವ ವೆಚ್ಚ ಎಂಬ ಎರಡು ಖಾತೆಗಳಿವೆ. ಈಜುಕೊಳವನ್ನು ಕಟ್ಟುವುದು ಮೊದಲನೆಯದರಲ್ಲಿ ಬರುತ್ತದೆ. ಅದಕ್ಕೆ ಸಾಲ ತರಬಹುದು, ವಿಶೇಷ ಅನುದಾನ ಪಡೆಯಬಹುದು. ಬಾಗಿಲು ತೆರೆದ ಮರುದಿನದಿಂದ ಎಲ್ಲವೂ ಎರಡನೆಯದಕ್ಕೆ ಬೀಳುತ್ತದೆ. ಪಂಪು ದಿನವೂ ಓಡಬೇಕು, ಸೋಸುವ ಮರಳನ್ನು ಆಗಾಗ ಬದಲಿಸಬೇಕು, ಕ್ಲೋರಿನ್ ತರಿಸಬೇಕು, ಕೊಳ ತೆರೆದಿರುವಷ್ಟೂ ಹೊತ್ತು ಜೀವರಕ್ಷಕರು ದಡದಲ್ಲಿರಬೇಕು, ಎಂಟು ಹತ್ತು ವರ್ಷಗಳಾಗುವಾಗ ಹೆಂಚುಬಿಲ್ಲೆಗಳು ಎದ್ದು ನೀರು ಸೋರತೊಡಗಿದರೆ ಅದನ್ನೂ ನೋಡಬೇಕು. ಈ ಯಾವುದಕ್ಕೂ ಶಂಕುಸ್ಥಾಪನೆಯ ಕಲ್ಲು ಇರುವುದಿಲ್ಲ. ತೆರಿಗೆ ವಸೂಲಿ ಕುಸಿದ ವರ್ಷ ಮೊದಲು ಕತ್ತರಿ ಬೀಳುವುದು ನಿರ್ವಹಣೆಗೆ, ಏಕೆಂದರೆ ಸಂಬಳವನ್ನು ತಡೆಹಿಡಿದರೆ ಗಲಾಟೆಯಾಗುತ್ತದೆ, ಪಂಪಿನ ದುರಸ್ತಿಯನ್ನು ಮುಂದಕ್ಕೆ ಹಾಕಿದರೆ ಪಂಪು ಗಲಾಟೆ ಮಾಡುವುದಿಲ್ಲ. ಹಾಗೆ ಮುಂದೂಡಿದ ದುರಸ್ತಿಯೂ ಒಂದು ಬಗೆಯ ಸಾಲವೇ. ಸಾಲದ ಪಟ್ಟಿಯಲ್ಲಿ ಮಾತ್ರ ಅದು ಕಾಣಿಸಿಕೊಳ್ಳುವುದಿಲ್ಲ.

ಹೀಗಾಗಿ, ಒಂದು ಕಟ್ಟಡದ ಪ್ರಸ್ತಾವ ಬಂದಾಗ ಕಟ್ಟುವ ವೆಚ್ಚದ ಪಕ್ಕದಲ್ಲೇ ಅದರ ಆಯುಷ್ಯಪೂರ್ತಿ ನಡೆಸುವ ವೆಚ್ಚವನ್ನೂ ಸವಕಳಿಯನ್ನೂ ಬರೆಯಬೇಕು. ನೂರು ರೂಪಾಯಿಗೆ ಕಟ್ಟಿದ ಕಟ್ಟಡಕ್ಕೆ ವರ್ಷಕ್ಕೆ ಆರು ರೂಪಾಯಿ ನಿರ್ವಹಣೆ ತಗಲುತ್ತದೆಂದು ಊಹಿಸಿದರೆ ಹದಿನೇಳನೆಯ ವರ್ಷಕ್ಕೆ ನಿರ್ವಹಣೆಯ ಮೊತ್ತ ಕಟ್ಟಿದ ಮೊತ್ತವನ್ನು ಮೀರುತ್ತದೆ. ಕಟ್ಟಡವೋ ಐವತ್ತು ವರ್ಷ ನಿಲ್ಲಬೇಕಾದದ್ದು.

ಸಾಲದ ವಿಷಯದಲ್ಲೂ ಇದೇ ವಿವೇಕ ಬೇಕು. ನಲವತ್ತು ವರ್ಷ ಬಾಳುವ ನೀರಿನ ಕೊಳವೆಗೆ ಇಪ್ಪತ್ತೈದು ವರ್ಷಗಳ ಸಾಲ ನ್ಯಾಯವಾದದ್ದು, ಏಕೆಂದರೆ ಮುಂದೆ ಆ ನೀರನ್ನು ಕುಡಿಯುವವರೂ ಅದರ ಬೆಲೆಯಲ್ಲಿ ಪಾಲು ಕೊಡುತ್ತಾರೆ. ಈ ತಿಂಗಳ ಸಂಬಳಕ್ಕೆ ಸಾಲ ತರುವುದಕ್ಕೆ ಈ ಸಮರ್ಥನೆ ಸಲ್ಲದು. ನ್ಯೂಯಾರ್ಕ್ ನಗರ 1975ರಲ್ಲಿ ದಿವಾಳಿಯ ಅಂಚಿಗೆ ಬಂದದ್ದಕ್ಕೆ ಮುಖ್ಯ ಕಾರಣಗಳಲ್ಲಿ ಇದೂ ಒಂದು: ದಿನನಿತ್ಯದ ಖರ್ಚುಗಳನ್ನು ಬಂಡವಾಳ ವೆಚ್ಚದೊಳಗೆ ಸೇರಿಸಿ ಸಾಲದಿಂದ ಭರಿಸುತ್ತ, ಅಲ್ಪಾವಧಿ ಸಾಲವನ್ನು ಇನ್ನೊಂದು ಅಲ್ಪಾವಧಿ ಸಾಲದಿಂದ ತೀರಿಸುತ್ತ ಬಂದಿದ್ದ ನಗರಕ್ಕೆ ಆ ವರ್ಷ ಸಾಲ ಹುಟ್ಟುವುದೇ ನಿಂತಿತು. ಆ ಬಿಕ್ಕಟ್ಟಿನ ನಂತರವೇ ಆ ನಗರ ನಾಲ್ಕು ವರ್ಷಗಳ ಹಣಕಾಸು ಯೋಜನೆಯನ್ನು ಇಟ್ಟುಕೊಳ್ಳಬೇಕೆಂದೂ ಆಯವ್ಯಯ ಒಪ್ಪಿತ ಲೆಕ್ಕಪದ್ಧತಿಯ ಪ್ರಕಾರ ಸರಿತೂಗಬೇಕೆಂದೂ ಕಾನೂನು ಬಂತು. ಈಗ ಅಲ್ಲಿ ಎರಡು ವರ್ಷಕ್ಕೊಮ್ಮೆ ಹತ್ತು ವರ್ಷಗಳ ಬಂಡವಾಳ ಕಾರ್ಯತಂತ್ರವೂ ಪ್ರಕಟವಾಗುತ್ತದೆ. ಇನ್ನು ಮಾಂಟ್ರಿಯಲ್ಲಿನ ಕ್ರೀಡಾಂಗಣದ ಕಥೆ ಬೇರೆಯೇ ಬಗೆಯದು. ಒಲಿಂಪಿಕ್ಸ್ 1976ರಲ್ಲಿ ಎರಡು ವಾರ ನಡೆಯಿತು, ಕ್ರೀಡಾಂಗಣದ ಸಾಲ ತೀರಿದ್ದು 2006ರಲ್ಲಿ. ಅಷ್ಟರಲ್ಲಿ ಅದರ ಛಾವಣಿ ಒಂದಕ್ಕಿಂತ ಹೆಚ್ಚು ಬಾರಿ ಹರಿದಿತ್ತು.

ಪ್ರಶ್ನೆ: ಸಾಲದ ಬದಲು ನಗರದ ಆಸ್ತಿಯೊಂದನ್ನು ದೀರ್ಘಾವಧಿ ಗುತ್ತಿಗೆಗೆ ಕೊಟ್ಟು ಒಮ್ಮೆಗೇ ದೊಡ್ಡ ಮೊತ್ತ ತರುವುದು ಜಾಣತನವಲ್ಲವೇ?

ಉತ್ತರ: ಆ ಮೊತ್ತ ಯಾವ ಖಾತೆಗೆ ಹೋಗುತ್ತದೆ ಎಂಬುದರ ಮೇಲೆ ನಿಂತಿದೆ. ಷಿಕಾಗೊ 2008ರ ಡಿಸೆಂಬರಿನಲ್ಲಿ ತನ್ನ ರಸ್ತೆಬದಿಯ ಸುಮಾರು 36,000 ಪಾರ್ಕಿಂಗ್ ಮೀಟರುಗಳ ಆದಾಯವನ್ನು 75 ವರ್ಷಗಳಿಗೆ ಖಾಸಗಿಯವರಿಗೆ ಬಿಟ್ಟುಕೊಟ್ಟು ಸುಮಾರು 115 ಕೋಟಿ ಡಾಲರ್ ಪಡೆಯಿತು. ಪ್ರಸ್ತಾವವನ್ನು ಓದಲು ಸದಸ್ಯರಿಗೆ ಸಿಕ್ಕಿದ್ದು ಕೆಲವೇ ದಿನ. 40 ಮಂದಿ ಪರವಾಗಿ, ಐವರು ವಿರೋಧವಾಗಿ ಮತ ಹಾಕಿದರು. ಮರುವರ್ಷ, ಆಡಳಿತದ ಅಕ್ರಮ ಮತ್ತು ಪೋಲುಗಳನ್ನು ತನಿಖೆ ಮಾಡುವ ನಗರದ್ದೇ ಇನ್‌ಸ್ಪೆಕ್ಟರ್ ಜನರಲ್ ಕಚೇರಿಯು ಆ ಗುತ್ತಿಗೆಯ ಬೆಲೆ ಇನ್ನೂ ಸುಮಾರು 97 ಕೋಟಿ ಡಾಲರ್ ಹೆಚ್ಚಿರಬೇಕಿತ್ತೆಂದು ವರದಿ ಮಾಡಿತು. ನನ್ನ ದೃಷ್ಟಿಯಲ್ಲಿ ಬೆಲೆಗಿಂತ ದೊಡ್ಡ ತಪ್ಪು ಮುಂದಿನದು: ಬಂದ ಹಣದ ಬಹುಪಾಲು ಕೆಲವೇ ವರ್ಷಗಳಲ್ಲಿ ಆಯವ್ಯಯದ ಕೊರತೆಯನ್ನು ತುಂಬಲು ಕರಗಿತು. ರಸ್ತೆಯನ್ನು ಸಂಚಾರಕ್ಕೆ ಮುಚ್ಚಿ ಮೀಟರುಗಳ ಬಳಕೆಗೆ ತಡೆಯಾದರೆ ನಗರವೇ ಗುತ್ತಿಗೆದಾರರಿಗೆ ಪರಿಹಾರ ಕೊಡಬೇಕೆಂಬ ಷರತ್ತೂ ಒಪ್ಪಂದದಲ್ಲಿತ್ತು. ಹೀಗೆ 2083ರವರೆಗೆ, ಒಂದು ರಸ್ತೆಯನ್ನು ಕಾಲ್ನಡಿಗೆಗೆ ಬಿಡಬೇಕೆಂಬ ಸಣ್ಣ ಗುರಿಗೂ ಈ ಪರಿಹಾರದ ಮೊತ್ತ ಸೇರಿಕೊಂಡಿತು. ಆಸ್ತಿಯನ್ನು ಕೊಟ್ಟು ಇನ್ನೊಂದು ಬಾಳುವ ಆಸ್ತಿಯನ್ನು ಪಡೆದರೆ ಅದನ್ನು ವಿನಿಮಯವೆನ್ನಬಹುದು.

ಪ್ರಶ್ನೆ: ಪ್ರಕಟವಾದ ಗುರಿ ಗಂಭೀರವಾದದ್ದೇ, ಘೋಷಣೆಯಷ್ಟೇ ಎಂದು ಸಾಮಾನ್ಯ ಓದುಗ ತಿಳಿಯುವುದು ಹೇಗೆ? ಆಯವ್ಯಯದ ಪುಸ್ತಕ ನೂರಾರು ಪುಟಗಳಿರುತ್ತದೆ.

ಉತ್ತರ: ಎರಡು ನಗರಗಳನ್ನು ಜೊತೆಗಿಟ್ಟು ನೋಡೋಣ. ಕೋಪನ್‌ಹೇಗನ್ 2012ರಲ್ಲಿ, 2025ರ ಹೊತ್ತಿಗೆ ಇಂಗಾಲ ತಟಸ್ಥ (ಹೊರಸೂಸುವ ಇಂಗಾಲವನ್ನು ಅಷ್ಟೇ ಪ್ರಮಾಣದಲ್ಲಿ ಸರಿದೂಗಿಸುವ) ರಾಜಧಾನಿಯಾಗುವ ಗುರಿಯನ್ನು ಒಪ್ಪಿತು ಮತ್ತು ಹೊರಸೂಸುವಿಕೆಯನ್ನು ಬಹಳಷ್ಟು ಇಳಿಸಿತು ಕೂಡ. ಆದರೆ ಕೊನೆಯ ಪಾಲು ಕಸ ಸುಡುವ ಸ್ಥಾವರವೊಂದರ ಹೊಗೆಯಿಂದ ಇಂಗಾಲವನ್ನು ಹಿಡಿದಿಡುವ ಯೋಜನೆಯ ಮೇಲೆ ನಿಂತಿತ್ತು, ಆ ಯೋಜನೆ ರಾಷ್ಟ್ರ ಸರ್ಕಾರದ ನೆರವಿನ ಮೇಲೆ ನಿಂತಿತ್ತು. ನೆರವು ದೊರೆಯಲಿಲ್ಲ, 2025ರ ಗುರಿ ಕೈಗೂಡದೆಂದು ನಗರ 2022ರಲ್ಲಿ ಒಪ್ಪಿಕೊಂಡಿತು. ಓಸ್ಲೊ 2016ರಲ್ಲಿ ಹಿಡಿದ ದಾರಿ ಬೇರೆ. ಅದು ಹೊರಸೂಸುವಿಕೆಗೆ ವರ್ಷವಾರು ಮಿತಿಯಿಡುವ ಹವಾಮಾನ ಆಯವ್ಯಯವನ್ನು ಹಣದ ಆಯವ್ಯಯದ ಒಳಗೇ ಸೇರಿಸಿತು, ಅದರ ಹೊಣೆಯನ್ನು ಹಣಕಾಸು ವಿಭಾಗಕ್ಕೇ ವಹಿಸಿತು. ಪ್ರತಿ ಕ್ರಮದ ಎದುರು ಅದರಿಂದ ಇಳಿಯುವ ಹೊರಸೂಸುವಿಕೆಯ ಅಂದಾಜೂ ಅದನ್ನು ಮಾಡಬೇಕಾದ ವಿಭಾಗದ ಹೆಸರೂ ಇರುತ್ತವೆ. ಓಸ್ಲೊ ತಾನಿಟ್ಟ ಗುರಿಯನ್ನು ಮುಟ್ಟಿಯೇ ಮುಟ್ಟುತ್ತದೆಂದು ನಾನು ಹೇಳುತ್ತಿಲ್ಲ. ಹಿಂದೆ ಬಿದ್ದರೆ ಅದು ಆ ವರ್ಷದ ಲೆಕ್ಕದಲ್ಲೇ ಗೊತ್ತಾಗುತ್ತದೆ.

ಪುಸ್ತಕದ ಎಲ್ಲ ಪುಟಗಳನ್ನೂ ಓದುವ ಅಗತ್ಯವಿಲ್ಲ. ಗುರಿಯೊಂದನ್ನು ಆರಿಸಿಕೊಳ್ಳಿ, ಅದಕ್ಕೆ ಸಂಬಂಧಿಸಿದ ಲೆಕ್ಕಶೀರ್ಷಿಕೆಯನ್ನು ಹುಡುಕಿ. ಮೇಯರ್ ಭಾಷಣದಲ್ಲಿ ಬರುವ ಮೊತ್ತ ಸಾಮಾನ್ಯವಾಗಿ ಈ ವರ್ಷದ ಅಂದಾಜು. ಅದನ್ನು ಬಿಟ್ಟು ಎಡಕ್ಕೆ ಸರಿದರೆ ಕಳೆದ ವರ್ಷದ ಪರಿಷ್ಕೃತ ಅಂದಾಜು ಸಿಗುತ್ತದೆ, ಅದಕ್ಕೂ ಹಿಂದಿನ ವರ್ಷದ ವಾಸ್ತವ ವೆಚ್ಚದ ಕಾಲಂ ಸಿಗುತ್ತದೆ. ಅಂದಾಜು ವರ್ಷವರ್ಷವೂ ದೊಡ್ಡದಾಗುತ್ತ ವಾಸ್ತವ ವೆಚ್ಚ ಮೂರು ವರ್ಷಗಳಿಂದ ಅದರ ಕಾಲುಭಾಗವನ್ನೂ ಮುಟ್ಟದೆ ನಿಂತಿದ್ದರೆ, ಹಣ ಬಿಡುಗಡೆಯಾಗಲಿಲ್ಲವೋ, ಟೆಂಡರ್ ಆಗಲಿಲ್ಲವೋ, ಜಾಗವೇ ಸಿಗಲಿಲ್ಲವೋ ಎಂದು ನಿಮ್ಮ ಸದಸ್ಯರನ್ನು ಲಿಖಿತವಾಗಿ ಕೇಳಿ. ಮೂರಕ್ಕೂ ಉತ್ತರ ಕೊಡಬೇಕಾದ ವಿಭಾಗಗಳು ಬೇರೆ ಬೇರೆಯಾದ್ದರಿಂದ ಪತ್ರದ ಪ್ರತಿಯನ್ನು ಮೂರೂ ಕಡೆಗೆ ಕಳುಹಿಸಿ.